ಫ್ರಿಜ್ ಬೇಕು, ಕರೆಂಟ್ ಬೇಡ: ಈ ಆಮಿಷ್ ಜನರ ಲೆಕ್ಕ ಯಾರಿಗಾದ್ರೂ ಅರ್ಥ ಆಗಿದ್ಯಾ?

ಹಾಸನದ_ಮಗಳು
ನಾವಿರೋದು ನ್ಯೂಜೆರ್ಸಿ. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ. ನಯಾಗರ, ವಾಷಿಂಗ್ಟನ್ ಎಲ್ಲ ಮುಗೀತು, ಇನ್ನೇನು ತೋರಿಸೋದು ಅಂತ ಹೋದ ಸೋಮವಾರ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಡೆ ಕರ್ಕೊಂಡು ಹೋಗಿದ್ವಿ. ಆಮಿಷ್ ಅನ್ನೋ ಕ್ರೈಸ್ತ ಪಂಗಡದವರು ಇರೋ ಜಾಗ ಅದು. ಕುದುರೆ ಗಾಡಿ, ಗಡ್ಡದ ಗಂಡಸರು, ಟೋಪಿ, ಎಲ್ಲ ಫೋಟೋದಲ್ಲಿ ನೋಡಿದ ಹಾಗೇ ಇತ್ತು. ಅಲ್ಲೊಂದು ಮನೆ ಪ್ರವಾಸಿಗರಿಗೆ ಅಂತಲೇ ಇಟ್ಟಿದ್ದಾರೆ, ಒಳಗೆ ಹೋದ್ವಿ. ನಾನು ಅಮ್ಮಂಗೆ ದಾರಿಯುದ್ದಕ್ಕೂ "ಇವರು ಕರೆಂಟ್ ಬಳಸಲ್ಲಮ್ಮ, ಹಳೇ ಕಾಲದ ಹಾಗೇ ಇರ್ತಾರೆ" ಅಂತ ಪುರಾಣ ಹೇಳಿದ್ದೆ. ಅಡುಗೆಮನೆಗೆ ಕಾಲಿಟ್ಟರೆ ಎದುರಿಗೇ ಫ್ರಿಜ್! ಪಕ್ಕದಲ್ಲಿ ಗ್ಯಾಸ್ ಒಲೆ, ಬಿಸಿನೀರಿನ ನಲ್ಲಿ. ಹಿಂದಿನ ಕೋಣೇಲಿ ವಾಷಿಂಗ್ ಮಷೀನ್. ಹಾಲ್‌ನಲ್ಲಿ ಚಕ್ರ ಇರೋ ಮರದ ಬೀರು, ಅದರ ತಲೆ ಮೇಲೆ ಗ್ಯಾಸ್ ದೀಪ, ಸಿಲಿಂಡರ್ ಬೀರುವಿನ ಹೊಟ್ಟೆಯೊಳಗೆ.

ಅಮ್ಮ ಅಲ್ಲೇ ನಿಂತು ಕೇಳಿದ್ರು, "ಫ್ರಿಜ್ ಆಯ್ತು, ಮಷೀನ್ ಆಯ್ತು, ಕರೆಂಟ್ ಒಂದೇ ಏನು ಪಾಪ ಮಾಡಿತ್ತೇ?" ಅಪ್ಪ ಒಂದೇ ಮಾತಲ್ಲಿ ಮುಗಿಸಿದ್ರು, "ಬೂಟಾಟಿಕೆ." ನನ್ನ ಹತ್ರ ಉತ್ತರ ಇರಲಿಲ್ಲ. ಆ ಕಡೆ ಇರೋರು ಯಾರಾದ್ರೂ ಹೇಳ್ತೀರಾ?

ತರ್ಲೆ_ತಿಮ್ಮ
ಯಾವ ಆಮಿಷಕ್ಕೂ ಬಗ್ಗದವರಿಗೆ ಆಮಿಷ್ ಅಂತ ಹೆಸರಿಟ್ಟೋರು ಯಾರು ಸ್ವಾಮಿ?

ಕಾಫಿ_ಕುಡುಕ
ತಿಮ್ಮ, ಈ ಜೋಕ್ ಬರುತ್ತೆ ಅಂತ ಶೀರ್ಷಿಕೆ ಓದಿದಾಗಲೇ ಗೊತ್ತಿತ್ತು. ಯಾಕೋಬ್ ಅಮ್ಮನ್ ಅನ್ನೋ ಮುಖಂಡನಿಂದ ಬಂದ ಹೆಸರು ಅದು. 1693ರಲ್ಲಿ ಸ್ವಿಟ್ಜರ್ಲೆಂಡ್, ಅಲ್ಸಾಸ್ ಕಡೆ ಜಗಳ ಆಗಿ ಬೇರೆ ಆದ ಗುಂಪು. ಮುಂದಿನ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ಬರೋಕೆ ಶುರು ಮಾಡಿದ್ರು.

ತರ್ಲೆ_ತಿಮ್ಮ
ಅಮ್ಮನ ಮಕ್ಕಳು ಅನ್ನಿ ಹಾಗಾದ್ರೆ.

ದೋಸೆ_ಇನ್_ಲ್ಯಾಂಕಾಸ್ಟರ್
ನಾನು ಇಲ್ಲಿ 14 ವರ್ಷದಿಂದ ಇದ್ದೀನಿ, ನಮ್ಮ ಹಿತ್ತಲ ಬೇಲಿ ದಾಟಿದ್ರೆ ಆಮಿಷ್ ಹೊಲ. ನಿಮ್ಮ ಅಮ್ಮನ ಪ್ರಶ್ನೆ ನಾನೂ ಮೊದಲ ವರ್ಷ ಕೇಳಿದ್ದೇ.

ಕರೆಂಟ್ ಪಾಪ ಅಂತ ಅವರು ಯಾವತ್ತೂ ಹೇಳಿಲ್ಲ. ಬೇಡ ಅಂದಿದ್ದು ತಂತಿ. ರಸ್ತೆ ಕಂಬದಿಂದ ಮನೆಯೊಳಗೆ ಬರೋ ತಂತಿ. 1919ರಲ್ಲಿ ಇಲ್ಲಿನ ಹಿರಿಯರು ಸೇರಿ ಕಂಬದ ಲೈನ್ ತಗೊಳ್ಳಬಾರದು ಅಂತ ತೀರ್ಮಾನ ಮಾಡಿದ್ರು. ಬ್ಯಾಟರಿ ಅಷ್ಟೊತ್ತಿಗಾಗಲೇ ಬಳಕೆಯಲ್ಲಿತ್ತು, ಅದು ಉಳ್ಕೊಳ್ತು. ಬ್ಯಾಟರೀಲಿ ಇರೋದೂ ಅದೇ ಕರೆಂಟೇ, ಆದ್ರೆ ಅದು ಖಾಲಿ ಆಗುತ್ತೆ. ತುಂಬಿಸಬೇಕು, ಹೊರಬೇಕು, ಎಷ್ಟು ಬೇಕು ಅಂತ ಯೋಚಿಸಬೇಕು. ತಂತಿಗೆ ಆ ಕೊನೆ ಇಲ್ಲ. ಒಂದು ಪ್ಲಗ್ ಬಂದ್ರೆ ರೇಡಿಯೋ, ಅದರ ಹಿಂದೆ ಟಿವಿ, ಅದರ ಹಿಂದೆ ಇನ್ನೊಂದು, ಯಾವುದಕ್ಕೂ ಊರನ್ನ ಕೇಳೋ ಅವಶ್ಯಕತೆ ಇರಲ್ಲ. 1919ರಲ್ಲಿ ಟಿವಿ ಇರಲಿಲ್ಲ, ನಿಜ. ಆದ್ರೆ ಟಿವಿ ಬಂದಾಗ ಅದರ ಬಗ್ಗೆ ಇವರು ಚರ್ಚೆ ಮಾಡೋ ಕಷ್ಟವೇ ಬರಲಿಲ್ಲ. ಬಾಗಿಲು ಮೊದಲೇ ಹಾಕಿತ್ತು.

ನೀವು ನೋಡಿದ ಫ್ರಿಜ್ ಗ್ಯಾಸಿಂದು. ವಾಷಿಂಗ್ ಮಷೀನ್ ಬಹುಶಃ ಗಾಳಿಯಿಂದ ಓಡೋದು. ಕೊಟ್ಟಿಗೆ ಪಕ್ಕ ಶೆಡ್‌ನಲ್ಲಿ ಡೀಸೆಲ್ ಎಂಜಿನ್ ಇರುತ್ತೆ, ಅದು ಕಂಪ್ರೆಸರ್ ತಿರುಗಿಸುತ್ತೆ, ಒತ್ತಿದ ಗಾಳಿ ದೊಡ್ಡ ಟ್ಯಾಂಕ್‌ಗೆ ಹೋಗುತ್ತೆ, ಅಲ್ಲಿಂದ ಪೈಪಲ್ಲಿ ಅಡುಗೆಮನೆಗೆ, ಬಟ್ಟೆ ಕೋಣೆಗೆ, ಹೊಲಿಗೆ ಮಷೀನಿಗೆ. ಇದಕ್ಕೆ ಇಲ್ಲಿ ತಮಾಷೆಗೆ "ಆಮಿಷ್ ಕರೆಂಟ್" ಅಂತಾನೇ ಹೆಸರು.

ನೇರ_ಮಾತು
ಅಂದ್ರೆ ಡೀಸೆಲ್ ಹೊಗೆ ಓಕೆ, ಕಂಬದ ತಂತಿ ಪಾಪ. ಕಾರು ಕೊಂಡ್ಕೋಬಾರದು, ಪಕ್ಕದವನ ಕಾರಲ್ಲಿ ದುಡ್ಡು ಕೊಟ್ಟು ಕೂರಬಹುದು. ಮನೇಲಿ ಫೋನ್ ಇಡಬಾರದು, ಗೇಟ್ ಹತ್ರ ಕಕ್ಕಸು ಮನೆ ಥರ ಒಂದು ಗೂಡು ಕಟ್ಟಿ ಅದರಲ್ಲಿ ಇಡಬಹುದು. ಮನೇಲಿ ಫ್ರೀಜರ್ ಇಡಬಾರದು, ಆಮಿಷ್ ಅಲ್ಲದ ನೆರೆಮನೇಲಿ ಬಾಡಿಗೆಗೆ ಜಾಗ ತಗೊಂಡು ಇಡಬಹುದು. ಹಾಸನದವರ ಅಪ್ಪ ಹೇಳಿದ ಶಬ್ದವೇ ಸರಿ.

ಓಹಾಯೋ_ಕುಡ್ಲ
ನೇರ ಮಾತು ಅವರೇ, ನೀವು ಹೇಳಿದ ಒಂದೊಂದೂ ನಿಜವೇ. ಆದರೆ ನಾಲ್ಕೂ ಒಂದೇ ಕಡೆಯದ್ದಲ್ಲ ಮಾರಾಯ್ರೆ. "ಆಮಿಷ್ ಜನ ಹೀಗೆ" ಅಂತ ಒಂದು ವಾಕ್ಯ ಶುರು ಮಾಡಿದ್ರೇ ತಪ್ಪು. 4 ಲಕ್ಷದ ಆಸುಪಾಸು ಜನ ಇದ್ದಾರೆ ಈಗ, 30ಕ್ಕಿಂತ ಹೆಚ್ಚು ರಾಜ್ಯಗಳಲ್ಲಿ. ಇವರಿಗೆ ಪೋಪ್ ಇಲ್ಲ, ಹೆಡ್ ಆಫೀಸ್ ಇಲ್ಲ. 20-40 ಮನೆಗೆ ಒಂದು ಸಭೆ, ಆ ಸಭೆಯ ಕಟ್ಟಳೆ ಅದಕ್ಕೇ. ಜರ್ಮನ್‌ನಲ್ಲಿ ಆರ್ಡ್‌ನುಂಗ್ ಅಂತಾರೆ. ಬರೆದಿಡುವ ವಾಡಿಕೆ ಕಮ್ಮಿ, ಎಲ್ಲರಿಗೂ ಬಾಯಲ್ಲೇ ಗೊತ್ತುಂಟು. ವರ್ಷಕ್ಕೆ ಎರಡು ಸಲ ಪ್ರಭುಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿ) ಮುಂಚೆ ಸೇರಿ "ಇದಕ್ಕೆ ನಾವೆಲ್ಲ ಒಪ್ಪಿದ್ದೇವಾ" ಅಂತ ನೋಡ್ತಾರೆ. ಒಪ್ಪಿಗೆ ಇಲ್ಲದಿದ್ದರೆ ಪ್ರಭುಭೋಜನವೇ ಮುಂದೆ ಹೋಗ್ತದೆ.

ನಾನಿರುವುದು ಓಹಾಯೋದ ಹೋಮ್ಸ್ ಕೌಂಟಿ ಹತ್ತಿರ. ಇಲ್ಲಿ ಒಂದೇ ರಸ್ತೆಯಲ್ಲಿ ಮೂರು ನಮೂನೆ ಮನೆ ತೋರಿಸ್ತೇನೆ. ಒಂದು ಸ್ವಾರ್ಟ್ಸೆಂಟ್ರೂಬರ್ ಗುಂಪಿನವರದ್ದು: ಸೀಮೆಎಣ್ಣೆ ದೀಪ, ಗ್ಯಾಸ್ ಇಲ್ಲ, ಮನೆಯೊಳಗೆ ಬಚ್ಚಲಿಲ್ಲ, ಹಾಲು ಕೈಯಲ್ಲೇ ಕರೆಯುವುದು. ಚಳಿಗಾಲದಲ್ಲಿ ಕೆರೆಯ ಐಸ್ ಕೊಯ್ದು ಮರದ ಹೊಟ್ಟು ಮುಚ್ಚಿ ಇಡ್ತಾರೆ, ಅದೇ ಫ್ರಿಜ್. ಮುಂದಿನದು ಹಳೇ ಕಟ್ಟಳೆಯ ಮಾಮೂಲಿ ಆಮಿಷ್, ಗ್ಯಾಸ್ ಫ್ರಿಜ್, ಮಾಡಿನ ಮೇಲೆ ಸೋಲಾರ್, ಎಲೆಕ್ಟ್ರಿಕ್ ಸೈಕಲ್. ಹೌದು, ಎಲೆಕ್ಟ್ರಿಕ್ ಸೈಕಲ್! ಲ್ಯಾಂಕಾಸ್ಟರ್‌ನವರಿಗೆ ಸಾದಾ ಸೈಕಲ್ಲೂ ಆಗುವುದಿಲ್ಲ, ಅಲ್ಲಿ ಕಾಲಲ್ಲಿ ತಳ್ಳುವ ಸ್ಕೂಟರ್. ಮೂರನೆಯದು ನ್ಯೂ ಆರ್ಡರ್, 1960ರ ದಶಕದಲ್ಲಿ ಇಲ್ಲಿಯೇ ಒಡೆದು ಬಂದದ್ದು, ಅವರಲ್ಲಿ ಎಷ್ಟೋ ಕಡೆ ಮನೆಯೊಳಗೇ ಫೋನ್ ಉಂಟು. ಮಜಾ ಏನಂದರೆ ಈ ನ್ಯೂ ಆರ್ಡರ್‌ನವರು ಯಂತ್ರದ ವಿಷಯದಲ್ಲಿ ಸಡಿಲ, ನಡತೆಯ ವಿಷಯದಲ್ಲಿ ಬಿಗಿ. ತಂಬಾಕು ಬಂದ್, ಹುಡುಗ ಹುಡುಗಿ ಸಲಿಗೆ ಬಂದ್. ಹಾಗಾಗಿ "ಯಂತ್ರ ಕಮ್ಮಿ ಇದ್ದವರು ಜಾಸ್ತಿ ಭಕ್ತರು" ಎನ್ನುವ ಲೆಕ್ಕವೂ ಕೂಡುವುದಿಲ್ಲ.

ದೋಸೆ_ಇನ್_ಲ್ಯಾಂಕಾಸ್ಟರ್
ಕುಡ್ಲದವರು ಹೇಳಿದ್ದು ಸರಿ, ನಾನು ಬರೆದಿದ್ದು ಲ್ಯಾಂಕಾಸ್ಟರ್ ಕಥೆ ಮಾತ್ರ. ನಮ್ಮ ರಾಜ್ಯದಲ್ಲೇ ಮಿಫ್ಲಿನ್ ಕೌಂಟೀಲಿ ಒಂದು ಕಣಿವೆ ಇದೆ, ಬಿಗ್ ವ್ಯಾಲಿ. ಅಲ್ಲಿ ಬಿಳಿ ಹೊದಿಕೆ ಗಾಡಿಯವರು ಒಂದು ಗುಂಪು, ಹಳದಿಯವರು ಇನ್ನೊಂದು, ಕಪ್ಪಿನವರು ಮತ್ತೊಂದು. ಬಿಳಿಯವರು ಎಲ್ಲರಿಗಿಂತ ಬಿಗಿ. ಗಾಡಿ ಬಣ್ಣ ನೋಡಿದ್ರೆ ಒಳಗೆ ಎಂಥ ಅಡುಗೆಮನೆ ಅಂತ ಊಹಿಸಬಹುದು. ನಮ್ಮಲ್ಲಿ ಗಾಡಿ ಬೂದು ಬಣ್ಣ.

ಹುಬ್ಬಳ್ಳಿ_ಮೆಕ್ಯಾನಿಕ್
ಗಾಳಿ ಮ್ಯಾಲ ಮಿಕ್ಸರ್ ಓಡಸ್ತಾರ ಅಂದ್ರ ಹ್ಯಾಂಗ್ ಅಂತ ಯಾರೂ ಕೇಳವಲ್ಲರಿ, ನಾನಽ ಹೇಳ್ತೀನಿ. ನಂದು ನ್ಯೂಮ್ಯಾಟಿಕ್ ಕೆಲಸ, 20 ವರ್ಷ ಆತು. ಟೈರ್ ಅಂಗಡ್ಯಾಗ ನಟ್ ಬಿಚ್ಚೋ ಗನ್ ನೋಡೀರಲ್ಲ, ಗಿರ್ ಅಂತ ಸದ್ದು ಮಾಡೂದು? ಅದರೊಳಗ ಇರೂದು ಏರ್ ಮೋಟರ್. ಸಣ್ಣ ರೋಟರ್, ಅದಕ್ಕ ಪಟ್ಟಿ, ಗಾಳಿ ನುಗ್ಗಿದ್ರ ತಿರಗತೈತಿ. ಮಿಕ್ಸರ್‌ದಾಗಿನ ಕರೆಂಟ್ ಮೋಟರ್ ಕಿತ್ತು ಈ ಮೋಟರ್ ಕೂಡ್ಸಿದ್ರ ಮುಗೀತು. ಇದನ್ನ ಮಾಡಿಕೊಡೂ ವರ್ಕ್‌ಶಾಪ್ ಆಮಿಷ್ ಮಂದೀದ ಅದಾವ.

ಆದ್ರ ಒಂದ್ ಮಾತ್ ಕೇಳ್ರಿ. ಇದು ಭಾಳ ದುಬಾರಿ ಶಕ್ತಿ. ಗಾಳಿ ಒತ್ತೂವಾಗ ಅರ್ಧಕ್ಕಿಂತ ಹೆಚ್ಚು ಶಾಖ ಆಗಿ ಹೋಗತೈತಿ, ಪೈಪಿನ್ಯಾಗ ಸೋರಿಕಿ ಬ್ಯಾರೆ. ಕಡೀಕ ಕೈಗೆ ಸಿಗೂದು ಹತ್ತರಾಗ ಒಂದೋ ಎರಡೋ ಪಾಲು. ಮತ್ತ ಯಾಕ ಮಾಡ್ತಾರ? ನನಗ ಅನಿಸೂದು ಏನಂದ್ರ, ಗಾಳಿಯಿಂದ ಟಿವಿ ಓಡಂಗಿಲ್ಲ ನೋಡ್ರಿ. ಮಿಕ್ಸರ್ ಓಡತೈತಿ, ಹೊಲಿಗಿ ಮಷೀನ್ ಓಡತೈತಿ, ರಂದಾ ಮಷೀನ್ ಓಡತೈತಿ. ಮೊಬೈಲ್ ಚಾರ್ಜ್ ಆಗಂಗಿಲ್ಲ. ಗಾಳಿಗಿ ಕೆಲಸ ಅಷ್ಟಽ ಗೊತ್ತು.

ತರ್ಲೆ_ತಿಮ್ಮ
"ಗಾಳಿಯಿಂದ ಟಿವಿ ಓಡಲ್ಲ." ಈ ಎಳೆಯಲ್ಲಿ ಇವತ್ತಿನವರೆಗೆ ಬಂದ ಒಳ್ಳೆ ಸಾಲು. ಗಾಳಿ ಮಾತಿಂದ ಮಾತ್ರ ಓಡುತ್ತೆ.

ಶಾಲ್ಮಲಾ
ಎಲ್ಲ ಗಂಡಸರು ಮೋಟರ್ ಬಗ್ಗೆ ಬರೀತಾ ಇದ್ದೀರ. ಸೋಮವಾರ ಬಟ್ಟೆ ಒಗೆಯೋದು ಯಾರು ಅಂತ ಯಾರೂ ಕೇಳಲಿಲ್ಲ.

ಹಾಸನದವರು ನೋಡಿದ ಆ ಮಷೀನ್ ನಮ್ಮ ಮನೇದರ ಥರ ಅಲ್ಲ. ಅದು ರಿಂಗರ್ ಮಷೀನ್. ತೊಟ್ಟಿಯಲ್ಲಿ ಬಟ್ಟೆ ತಿರುಗುತ್ತೆ, ಅಷ್ಟೇ. ಆಮೇಲೆ ಒಂದೊಂದೇ ಬಟ್ಟೆ ಎತ್ತಿ ಎರಡು ರೋಲರ್ ಮಧ್ಯೆ ತೂರಿಸಿ ಹಿಂಡಬೇಕು. ಕಬ್ಬಿನ ಹಾಲಿನ ಅಂಗಡಿ ಮಷೀನ್ ನೆನಪು ಮಾಡ್ಕೊಳ್ಳಿ, ಕಬ್ಬಿನ ಬದಲು ಪ್ಯಾಂಟು. ಬೆರಳು ಸಿಕ್ಕಿದ್ರೆ ಮುಗೀತು. ಹಿಂಡಿದ್ದನ್ನ ಬೇರೆ ತೊಟ್ಟೀಲಿ ಜಾಲಿಸಿ ಮತ್ತೆ ಹಿಂಡಿ ಹಗ್ಗಕ್ಕೆ. ಒಂದು ಮನೇಲಿ ಏಳೆಂಟು ಮಕ್ಕಳು ಸಾಮಾನ್ಯ. ಡ್ರೈಯರ್ ಇಲ್ಲ, ಜನವರೀಲೂ ಹಗ್ಗವೇ, ಬಟ್ಟೆ ಹಪ್ಪಳದ ಥರ ಸೆಟೆದು ನಿಂತಿರುತ್ತೆ. ಮೇಟ್ಯಾಗ್ ಕಂಪನಿ ಈ ಮಷೀನ್ ಮಾಡೋದನ್ನ 1983ರಲ್ಲೇ ನಿಲ್ಲಿಸ್ತು. ಅಲ್ಲಿಂದ ಈಚೆಗೆ ಹಳೇದನ್ನ ರಿಪೇರಿ ಮಾಡಿ ಮಾಡಿ ಓಡಿಸ್ತಾ ಇದ್ದಾರೆ.

ನನ್ನ ಪ್ರಶ್ನೆ ಇಷ್ಟು. ಯಾವುದು ಬೇಕು ಯಾವುದು ಬೇಡ ಅಂತ ಹೇಳೋ ಬಿಷಪ್ ಗಂಡಸು, ಪ್ರಚಾರಕರು ಗಂಡಸರು. ಕೊಟ್ಟಿಗೆಗೆ ಯಂತ್ರ ಬೇಕಾದಾಗ ದಾರಿ ಸಿಗುತ್ತೆ. ಪಾತ್ರೆ ತೊಳೆಯೋ ಮಷೀನಿಗೆ ಯಾಕೆ ಸಿಗಲ್ಲ?

ಅಜ್ಜಿಮನೆ
ಶಾಲ್ಮಲಾ 👏👏

ನೇರ_ಮಾತು
ಇದನ್ನೇ ನಾನು ಹೇಳಿದ್ದು, ಇಷ್ಟು ಚೆನ್ನಾಗಿ ಹೇಳೋಕೆ ಬರಲಿಲ್ಲ.

ದೋಸೆ_ಇನ್_ಲ್ಯಾಂಕಾಸ್ಟರ್
ಅದಲ್ಲ ನೀವು ಹೇಳಿದ್ದು. 😀

ಶಾಲ್ಮಲಾ ಅವರ ಮಾತಲ್ಲಿ ಅರ್ಧಕ್ಕಿಂತ ಜಾಸ್ತಿ ಸತ್ಯ ಇದೆ. 1960ರ ದಶಕದ ಕೊನೆಯಲ್ಲಿ ಇಲ್ಲಿ ಹಾಲಿನ ಜಗಳ ಆಯ್ತು. ಹಾಲಿನ ಕಂಪನಿಗಳು ಕ್ಯಾನ್ ಬೇಡ, ದೊಡ್ಡ ತಂಪು ಟ್ಯಾಂಕೇ ಬೇಕು, ಒಳಗೆ ಹಾಲು ಕಲಕೋ ಯಂತ್ರ ಇರಬೇಕು ಅಂದವು. ಒಪ್ಪದಿದ್ರೆ ಹಾಲು ಮಾರೋಕಾಗಲ್ಲ, ಒಪ್ಪಿದ್ರೆ ಕರೆಂಟ್ ಬೇಕು. ಕೊನೆಗೆ ರಾಜಿ: ಕಲಕೋದಕ್ಕೆ 12 ವೋಲ್ಟ್ ಬ್ಯಾಟರಿ, ತಂಪು ಮಾಡೋಕೆ ಡೀಸೆಲ್. ಬದಲಿಗೆ ಭಾನುವಾರ ಹಾಲಿನ ಲಾರಿ ಬರಬಾರದು. ಕಂಪನಿಯವರು ಒಪ್ಪಿದ್ರು. ಹೊಟ್ಟೆಪಾಡಿನ ಪ್ರಶ್ನೆ ಬಂದಾಗ ದಾರಿ ಸಿಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದ್ರೆ ಕೊಟ್ಟಿಗೆಗೆ ಬಂದ ಡೀಸೆಲ್ ಎಂಜಿನ್ ಕೊಟ್ಟಿಗೇಲೇ ನಿಲ್ಲಲಿಲ್ಲ, ಅದರ ಬೆನ್ನಿಗೆ ಕಂಪ್ರೆಸರ್, ಕಂಪ್ರೆಸರ್ ಬೆನ್ನಿಗೆ ಅಡುಗೆಮನೆ. ಇವತ್ತು ಇಲ್ಲಿನ ಹೊಸ ಅಡುಗೆಮನೆ ನೋಡಿದ್ರೆ ನಮ್ಮನೇದು ನಾಚಬೇಕು, ಅಂಥ ಮರದ ಕೆಲಸ. ಆದ್ರೂ ಡಿಶ್‌ವಾಷರ್ ಇಲ್ಲ, ಮೈಕ್ರೋವೇವ್ ಇಲ್ಲ.

ಒಂದು ತಿದ್ದುಪಡಿ. ಬಿಷಪ್, ಪ್ರಚಾರಕರು ಗಂಡಸರೇ, ಸರಿ. ಆದ್ರೆ ಅವರನ್ನ ಸೂಚಿಸೋದರಲ್ಲಿ ಹೆಂಗಸರಿಗೂ ದನಿ ಇದೆ. ಸೂಚಿಸಿದವರೊಳಗೆ ಚೀಟಿ ಎತ್ತೋದು. ಹಾಡಿನ ಪುಸ್ತಕಗಳನ್ನ ಸಾಲಾಗಿ ಇಟ್ಟು ಒಂದರಲ್ಲಿ ಚೀಟಿ ಸೇರಿಸಿರ್ತಾರೆ, ಅದು ಯಾರ ಕೈಗೆ ಸಿಕ್ತೋ ಅವನು ಸಾಯೋತನಕ ಸಂಬಳ ಇಲ್ಲದ ಪ್ರಚಾರಕ. ಸಿಕ್ಕಿದವರು ಖುಷಿ ಪಡಲ್ಲ, ಅಳ್ತಾರೆ.

ಶಾಲ್ಮಲಾ
ಹಾಡಿನ ಪುಸ್ತಕದ್ದು ಗೊತ್ತಿರಲಿಲ್ಲ, ಥ್ಯಾಂಕ್ಸ್. ಸೂಚಿಸೋ ದನಿ ಬೇರೆ, ನಿಂತು ಮಾತಾಡೋ ದನಿ ಬೇರೆ. ನನ್ನ ಪ್ರಶ್ನೆ ಹಾಗೇ ಇದೆ.

ಅಜ್ಜಿಮನೆ
ಇದನ್ನೆಲ್ಲ ಓದ್ತಾ ನನಗೆ ನಮ್ಮ ಅಜ್ಜಿ ಮಡಿ ನೆನಪಾಯ್ತು. ನಲ್ಲಿ ನೀರು ಮಡಿಗೆ ಆಗಲ್ಲ, ಒಳಗೆ ಚರ್ಮದ ವಾಷರ್ ಇರುತ್ತೆ ಅಂತ ಬಾವಿ ಸೇದೋರು. ಅದೇ ಅಜ್ಜಿ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಒಂದು ದಿನ ತಪ್ಪಿಸಿದವರಲ್ಲ. ಇವರೂ ನಮ್ಮ ಥರಾನೇ ಅಲ್ವಾ?

ಓಹಾಯೋ_ಕುಡ್ಲ
ಅಲ್ಲ. ಎಲ್ಲವನ್ನೂ ಮಡಿಗೆ ತಂದು ಕಟ್ಟಬೇಡಿ ಮಾರಾಯ್ರೆ. ಮಡಿಯಲ್ಲಿ ವಸ್ತುವಿಗೇ ಮೈಲಿಗೆ. ಇಲ್ಲಿ ವಸ್ತುವಿಗೆ ಮೈಲಿಗೆ ಇಲ್ಲ. ನಾನು ನನ್ನ ಕಾರಲ್ಲಿ ಕೂರಿಸಿದರೆ ಕೂರ್ತಾರೆ, ಮನೆಗೆ ಹೋಗಿ ಸ್ನಾನ ಮಾಡುವುದಿಲ್ಲ. ಇಂಡಿಯಾನಾದಲ್ಲಿ ಆಮಿಷ್ ಗಂಡಸರು ರಾಶಿ ರಾಶಿಯಾಗಿ ಟ್ರೇಲರ್ ಮನೆ ಮಾಡುವ ಕಾರ್ಖಾನೆಗೆ ಹೋಗ್ತಾರೆ, ಹಗಲಿಡೀ ಕರೆಂಟಿನ ಮಷೀನ್ ಹಿಡೀತಾರೆ, ಸಂಜೆ ದೀಪ ಹಚ್ಚಿದ ಮನೆಗೆ ಬರ್ತಾರೆ. ಮುಟ್ಟುವುದು ತಪ್ಪಲ್ಲ. ತನ್ನದು ಅಂತ ಮನೆಯೊಳಗೆ ಇಟ್ಟುಕೊಳ್ಳುವುದೇ ಕೇಳಬೇಕಾದ ವಿಷಯ. ಕಾರು ಸ್ವಂತ ಆದರೆ ಮಗ 50 ಮೈಲಿ ಆಚೆ ಮನೆ ಮಾಡ್ತಾನೆ. ಕುದುರೆಯಾದರೆ ಆಗುವುದಿಲ್ಲ.

ಅಜ್ಜಿಮನೆ
ಬೈಯೋದಾದ್ರೂ ಬೈಯಿರಿ, ಅಜ್ಜಿ ಸುದ್ದಿಗೆ ಬರಬೇಡಿ.

ಕಾಫಿ_ಕುಡುಕ
ಫೋನಿಗೂ ಇದೇ ಕಥೆ ಅಂತ ಓದಿದ್ದೆ. 1910ರ ಆಸುಪಾಸಲ್ಲಿ ಲ್ಯಾಂಕಾಸ್ಟರ್‌ನ ಕೆಲವು ಆಮಿಷ್ ಮನೆಗಳಲ್ಲಿ ಫೋನ್ ಇತ್ತು. ಆಗ ಒಂದೇ ಲೈನಿಗೆ ನಾಲ್ಕಾರು ಮನೆ, ಯಾರು ಬೇಕಾದ್ರೂ ಎತ್ತಿ ಕೇಳಿಸ್ಕೊಬಹುದು. ಇಬ್ಬರು ಮೂರನೆಯವಳ ಬಗ್ಗೆ ಆಡ್ಕೊಂಡಿದ್ದು ಆಕೆಯ ಕಿವಿಗೇ ಬಿತ್ತು, ಸಭೆವರೆಗೆ ಹೋಯ್ತು, ಫೋನ್ ಹೋಯ್ತು ಅಂತ ಕಥೆ ಹೇಳ್ತಾರೆ. ಎಷ್ಟು ನಿಜವೋ, ಚೆನ್ನಾಗಂತೂ ಇದೆ. ಗೇಟ್ ಹತ್ರದ ಗೂಡು ಆಮೇಲೆ ಬಂದಿದ್ದು, ಡಾಕ್ಟರಿಗೆ, ವ್ಯಾಪಾರಕ್ಕೆ. ಮಳೇಲಿ ನೆನೆದು ಹೋಗಿ ಹರಟೆ ಹೊಡೆಯೋರು ಕಮ್ಮಿ.

ತರ್ಲೆ_ತಿಮ್ಮ
ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪನ್ನೂ ಗೇಟ್ ಹತ್ರ ಒಂದು ಗೂಡಲ್ಲಿ ಇಡಬೇಕು.

ಬೆಳ್ಳೂರು_ಕ್ರಾಸ್
ಏನೇ ಹೇಳಿ, ಅದು ಬದುಕು. ಚಳೀಲಿ ಇಡೀ ಮನೆಗೆ ಹೀಟರ್ ಇಲ್ಲ, ಒಂದೇ ಒಲೆ ಸುತ್ತ ಎಲ್ಲರೂ ಕೂತು ಓದ್ತಾರೆ, ಹೊಲೀತಾರೆ. ನಮ್ಮ ಮನೇಲಿ ನಾಲ್ಕು ಜನ ನಾಲ್ಕು ರೂಮು ನಾಲ್ಕು ಸ್ಕ್ರೀನು. ನಾವೂ ಹಾಗೆ ಬದುಕೋದು ಕಲೀಬೇಕು.

ನೇರ_ಮಾತು
ಕಲೀರಿ. ಮೊದಲು ನಿಮ್ಮ ಮಗಳನ್ನ ಎಂಟನೇ ಕ್ಲಾಸಿಗೆ ಬಿಡಿಸಿ.

ವಕೀಲ_ಸಾಹೇಬ
ನೇರ ಮಾತು ಅವರು ಒರಟಾಗಿ ಹೇಳಿದ್ರೂ ವಿಷಯ ಸರಿ. 1972ರಲ್ಲಿ ವಿಸ್ಕಾನ್ಸಿನ್ ವರ್ಸಸ್ ಯೋಡರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆಮಿಷ್ ತಂದೆತಾಯಿಗೆ ಎಂಟನೇ ತರಗತಿಯ ನಂತರ ಮಕ್ಕಳನ್ನ ಶಾಲೆಗೆ ಕಳಿಸದೇ ಇರೋ ಹಕ್ಕು ಇದೆ ಅಂತ ಹೇಳಿತು. ಅದರಲ್ಲಿ ನ್ಯಾಯಮೂರ್ತಿ ಡಗ್ಲಸ್ ಮಾತ್ರ ಭಾಗಶಃ ಭಿನ್ನಮತ ಬರೆದು, ಮಕ್ಕಳ ಅಭಿಪ್ರಾಯ ಕೇಳಬೇಡವೇ ಅಂತ ಕೇಳಿದ್ದರು. ಆ ಪ್ರಶ್ನೆ ಇನ್ನೂ ಹಾಗೇ ನಿಂತಿದೆ.

ಮನೆಬಳಕೆ ವಿಷಯದಲ್ಲೇ ಇನ್ನೊಂದು ಸ್ವಾರಸ್ಯದ ಕೇಸಿದೆ, ಸ್ನಾನದ ನೀರಿಂದು. ಮಿನ್ನೆಸೋಟಾದ ಫಿಲ್ಮೋರ್ ಕೌಂಟೀಲಿ ಸ್ವಾರ್ಟ್ಸೆಂಟ್ರೂಬರ್ ಮನೆಗಳ ಬಚ್ಚಲು ನೀರು, ಬಟ್ಟೆ ಒಗೆದ ನೀರಿಗೆ ಸೆಪ್ಟಿಕ್ ಟ್ಯಾಂಕ್ ಹಾಕಲೇಬೇಕು ಅಂತ ಸರ್ಕಾರ ಪಟ್ಟು ಹಿಡೀತು. ಅವರು ಮರದ ಚಕ್ಕೆ ತುಂಬಿದ ಗುಂಡಿಗೆ ಬಿಡ್ತೀವಿ, ಅಂಥ ಸಾಧನ ನಮ್ಮ ಧರ್ಮಕ್ಕೆ ಒಗ್ಗಲ್ಲ ಅಂದ್ರು. 2021ರಲ್ಲಿ ಸುಪ್ರೀಂ ಕೋರ್ಟು ಕೆಳಗಿನ ತೀರ್ಪು ರದ್ದು ಮಾಡಿ ಮತ್ತೆ ನೋಡಿ ಅಂತ ಕಳಿಸಿತು, 2023ರಲ್ಲಿ ರಾಜ್ಯದ ಮೇಲ್ಮನವಿ ಕೋರ್ಟು ಆಮಿಷ್ ಪರ ತೀರ್ಪು ಕೊಟ್ಟಿತು. ಬಚ್ಚಲು ನೀರು ತಿಪ್ಪೆಗೋ ಬಾಳೆ ಬುಡಕ್ಕೋ ಬಿಟ್ಟು ಬೆಳೆದ ನಮಗೆ ಇಷ್ಟು ದೊಡ್ಡ ಕೇಸಾ ಅನ್ನಿಸುತ್ತೆ.

ನೇರ_ಮಾತು
ವಕೀಲರೇ, ಗಾಡಿ ಹಿಂದಿನ ಕಿತ್ತಳೆ ತ್ರಿಕೋನದ್ದೂ ಹೇಳಿ. ನಿಧಾನವಾಗಿ ಹೋಗೋ ಗಾಡಿ ಅಂತ ತೋರಿಸೋಕೆ ಅದು. ಬಣ್ಣ ಜೋರು, ಅದನ್ನ ನಂಬೋದು ದೇವರನ್ನ ನಂಬದ ಹಾಗೆ ಅಂತ ಹಾಕಲ್ಲ. ರಾತ್ರಿ ಹಿಂದಿನಿಂದ ಬರೋ ಲಾರಿಯವನ ಗತಿ?

ವಕೀಲ_ಸಾಹೇಬ
ಅದೂ ಸ್ವಾರ್ಟ್ಸೆಂಟ್ರೂಬರ್‌ನವರೇ, ಬೇರೆ ಆಮಿಷ್ ಬಹುತೇಕ ಹಾಕ್ತಾರೆ. ಕೆಂಟಕಿಯ ಗ್ರೇವ್ಸ್ ಕೌಂಟೀಲಿ 2011ರಲ್ಲಿ ದಂಡ ಕಟ್ಟಲ್ಲ ಅಂತ ಜೈಲಿಗೇ ಹೋದ್ರು. ಮುಂದಿನ ವರ್ಷ ಕಾನೂನು ಬದಲಾಯಿಸಿ ಬೆಳಕಿಗೆ ಹೊಳೆಯೋ ಟೇಪ್ ಅಂಟಿಸಿದ್ರೆ ಸಾಕು ಅಂತ ಮಾಡಿದ್ರು. ಲಾರಿಯವನ ಬಗ್ಗೆ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ, ಅಂಥ ಅಪಘಾತಗಳು ಆಗ್ತಾನೇ ಇರ್ತವೆ.

ಬೆಳ್ಳೂರು_ಕ್ರಾಸ್
ನಾನು ಒಲೆ ಸುತ್ತ ಕೂರೋ ವಿಷಯ ಹೇಳಿದ್ದಪ್ಪ, ಸೆಪ್ಟಿಕ್ ಟ್ಯಾಂಕ್ ವಿಷಯ ಅಲ್ಲ.

ಶಾಲ್ಮಲಾ
ಒಲೆ ಸುತ್ತ ಕೂತಾಗ ಎಲ್ಲರಿಗೂ ಕಾಫಿ ಕಾಯಿಸೋದು ಯಾರು ಬೆಳ್ಳೂರು ಅವರೇ?

ಬೆಳ್ಳೂರು_ಕ್ರಾಸ್
ಶರಣಾಗತಿ 🙏

ದೋಸೆ_ಇನ್_ಲ್ಯಾಂಕಾಸ್ಟರ್
ಬೆಳ್ಳೂರು ಅವರನ್ನ ಪೂರ್ತಿ ಬಿಟ್ಟುಕೊಡಲ್ಲ ನಾನು. ಇವರಿಗೆ ಚರ್ಚ್ ಕಟ್ಟಡ ಇಲ್ಲ ಗೊತ್ತಾ? ವಾರ ಬಿಟ್ಟು ವಾರ ಭಾನುವಾರ ಯಾರದ್ದಾದ್ರೂ ಮನೇಲೇ ಆರಾಧನೆ. ಬೆಂಚುಗಳನ್ನ ಹೊತ್ತ ಗಾಡಿ ಮನೆಯಿಂದ ಮನೆಗೆ ಹೋಗುತ್ತೆ. ಅದಕ್ಕೇ ಮನೆ ಕಟ್ಟುವಾಗ ನಡುವಿನ ಗೋಡೆ ಸರಿಸೋ ಹಾಗೆ ಇಡ್ತಾರೆ. ಜನ ಮನೇಲಿ ಹಿಡಿಸದಷ್ಟು ಆದ್ರೆ ಸಭೆ ಎರಡಾಗುತ್ತೆ. ಅಂದ್ರೆ ವರ್ಷಕ್ಕೊಮ್ಮೆ ಊರೆಲ್ಲ ನಿನ್ನ ಅಡುಗೆಮನೆಗೆ ಬಂದು ಹೋಗುತ್ತೆ. ನೀನು ಕದ್ದು ಮೈಕ್ರೋವೇವ್ ಇಡೋದು ಎಲ್ಲಿ?

ಹಾಗಂತ ಎಲ್ಲ ಗಟ್ಟಿ ಅಂತಲ್ಲ. ಈಗಿನ ತಲೆನೋವು ಸ್ಮಾರ್ಟ್‌ಫೋನ್. ಅದಕ್ಕೆ ತಂತಿ ಇಲ್ಲ, ಕಂಬ ಇಲ್ಲ, ಜೇಬಲ್ಲಿ ಹಿಡಿಸುತ್ತೆ. 1919ರ ಬೇಲಿ ಇದನ್ನ ತಡೆಯಲ್ಲ. ಬಹುಪಾಲು ಕುಟುಂಬಗಳು ಈಗ ಬೇಸಾಯದಲ್ಲಿಲ್ಲ, ಮರಗೆಲಸ, ಕಟ್ಟಡ ಕೆಲಸ, ಅಂಗಡಿ. ಗಿರಾಕಿ ಮೆಸೇಜ್ ಮಾಡ್ತಾನೆ. ಕೆಲಸದ ಮೇಸ್ತ್ರಿ ಜೇಬಲ್ಲಿ ಫೋನ್ ಇರುತ್ತೆ, ಮನೆಗೆ ಬರುವಾಗ ಗಾಡೀಲೋ ಶೆಡ್‌ನಲ್ಲೋ ಬಿಡ್ತಾನೆ. ಬಿಡದೇ ಇರೋರೂ ಇದ್ದಾರೆ. ಇನ್ನು 16 ದಾಟಿದ ಹುಡುಗರು ದೀಕ್ಷಾಸ್ನಾನ ತಗೊಳ್ಳೋವರೆಗೆ ಸಭೆಯ ಸದಸ್ಯರೇ ಅಲ್ಲ, ಅವರ ಫೋನ್ ಕಂಡೂ ಕಾಣದ ಹಾಗೆ ಇರ್ತಾರೆ. ದೀಕ್ಷೆ ಆದ್ಮೇಲೆ ಮುರಿದ್ರೆ ಬಹಿಷ್ಕಾರದ ಮಾತು ಬರುತ್ತೆ, ಒಂದೇ ಮೇಜಲ್ಲಿ ಊಟಕ್ಕೂ ಕೂರಿಸಲ್ಲ. ಅದು ಕ್ರೂರ ಅಂತ ನನಗೆ ಅನ್ನಿಸುತ್ತೆ. ಆದ್ರೂ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳು ಒಳಗೇ ಉಳೀತಾರೆ.

ಹುಬ್ಬಳ್ಳಿ_ಮೆಕ್ಯಾನಿಕ್
ಟ್ರ್ಯಾಕ್ಟರ್ ಐತಿ ಏನ್ರಿ ಅವರ ಹತ್ರ?

ದೋಸೆ_ಇನ್_ಲ್ಯಾಂಕಾಸ್ಟರ್
ಇಲ್ಲಿ ಇದೆ, ಆದ್ರೆ ಹೊಲಕ್ಕೆ ಇಳಿಯಲ್ಲ. ಕೊಟ್ಟಿಗೆ ಹತ್ರ ನಿಂತು ಬೆಲ್ಟ್ ತಿರುಗಿಸೋಕೆ. ಗಾಲಿ ಕಬ್ಬಿಣದ್ದು, ರಬ್ಬರ್ ಟೈರ್ ಹಾಕಿದ್ರೆ ರಸ್ತೆಗೆ ಹೋಗುತ್ತಲ್ಲ! ಕಾನ್ಸಾಸ್ ಕಡೆಯ ಕೆಲವು ಆಮಿಷ್ ಮಾತ್ರ ಹೊಲದಲ್ಲೇ ಟ್ರ್ಯಾಕ್ಟರ್ ಓಡಿಸ್ತಾರೆ.

ಹುಬ್ಬಳ್ಳಿ_ಮೆಕ್ಯಾನಿಕ್
ಎತ್ತಿನ ಮೂಗುದಾರ ಹಾಕ್ದಂಗ ಆತು ನೋಡ್ರಿ ಟ್ರ್ಯಾಕ್ಟರಿಗೆ. 😂

ಹಾಸನದ_ಮಗಳು
ಎರಡು ದಿನ ಬರೋಕಾಗಲಿಲ್ಲ, ಇಷ್ಟೊಂದು ಆಗಿದೆ! ಎಲ್ಲ ಅಪ್ಪ ಅಮ್ಮಂಗೆ ಓದಿ ಹೇಳಿದೆ. ಅಪ್ಪ ಬೂಟಾಟಿಕೆ ಅನ್ನೋದನ್ನ ವಾಪಸ್ ತಗೊಂಡಿಲ್ಲ, "ಸ್ವಲ್ಪ ಕಮ್ಮಿ ಮಾಡ್ತೀನಿ" ಅಂದ್ರು. ಗಾಳಿಯಿಂದ ಟಿವಿ ಓಡಲ್ಲ ಅನ್ನೋದು ಅವರಿಗೆ ತುಂಬ ಹಿಡಿಸ್ತು. ಶಾಲ್ಮಲಾ ಅವರದ್ದು ಓದಿದಾಗ ಅಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಎದ್ದು ಹೋಗಿ ಡಿಶ್‌ವಾಷರ್ ಖಾಲಿ ಮಾಡಿದ್ರು.

ಆಮೇಲೆ ಅಮ್ಮಂದೇ ಒಂದು ಪ್ರಶ್ನೆ. ಅಲ್ಲಿ ಬಟ್ಟೆ ಒಣಗಿಸೋ ಹಗ್ಗ ನೋಡಿದ್ರಲ್ಲ, ಮನೆ ಜಗಲಿಯಿಂದ ದೂರದ ಎತ್ತರದ ಕಂಬದವರೆಗೆ. ಎರಡೂ ಕಡೆ ಗಡಗಡೆ ಇದೆ, ನಿಂತಲ್ಲೇ ನಿಂತು ಒಂದೊಂದು ಬಟ್ಟೆ ಸಿಕ್ಕಿಸಿ ಹಗ್ಗ ಎಳೀತಾ ಹೋದ್ರೆ ಬಟ್ಟೆ ತಾನೇ ಆಕಾಶಕ್ಕೆ ಹೋಗುತ್ತೆ. ಊರಲ್ಲಿ ತಾರಸಿ ಮೇಲೆ ಅದನ್ನ ಹಾಕಿಸ್ಬೇಕಂತೆ. ಆ ಗಡಗಡೆ ಎಲ್ಲಿ ಸಿಗುತ್ತೆ?

ಓಹಾಯೋ_ಕುಡ್ಲ
ಗಡಗಡೆ ಅಂದರೆ ರಾಟೆಯಾ?

ಹುಬ್ಬಳ್ಳಿ_ಮೆಕ್ಯಾನಿಕ್
ಗಡಗಡಿ ಅನ್ರಿ, ರಾಟಿ ಅಂದ್ರ ನೂಲೂದು.

ಓಹಾಯೋ_ಕುಡ್ಲ
ನೂಲುವುದು ಚರಕ ಮಾರಾಯ್ರೆ. ಬಾವಿಗೆ ಹಾಕುವುದು ರಾಟೆ.

ಕಾಫಿ_ಕುಡುಕ
ಶುರು ಆಯ್ತು.

ಓಹಾಯೋ_ಕುಡ್ಲ
ಕರೆಂಟ್ ಇಲ್ಲದ ಮನೆ ಸಾಮಾನಿಗೆ ಇಲ್ಲಿ ಕಿಡ್ರಾನ್ ಊರಲ್ಲಿ ಲೇಮನ್ಸ್ ಅಂತ ಅಂಗಡಿ ಉಂಟು, 1955ರಲ್ಲಿ ಆಮಿಷ್ ಗಿರಾಕಿಗಳಿಗಾಗಿಯೇ ಶುರುವಾದದ್ದು. ಈಗ ಅರ್ಧ ಗಿರಾಕಿ ನಮ್ಮಂಥವರೇ. 1999ರ ಕೊನೆಗೆ ವೈಟುಕೆ ಆಗಿ ಕಂಪ್ಯೂಟರ್ ಎಲ್ಲ ನಿಂತೇ ಹೋಗ್ತದೆ ಅಂತ ಹೆದರಿದವರು ಅಲ್ಲಿಗೆ ಮುಗಿಬಿದ್ದು ಲಾಟೀನು ಕೊಂಡಿದ್ದರಂತೆ. ಅಲ್ಲಿ ವಿಚಾರಿಸಿ ನೋಡಿ. ನಿಮಗೆ ಅಷ್ಟು ದೂರ ಬೇಡದಿದ್ದರೆ ದೋಸೆಯವರು ಹೇಳ್ತಾರೆ.

ದೋಸೆ_ಇನ್_ಲ್ಯಾಂಕಾಸ್ಟರ್
ನಮ್ಮ ಮನೆ ಹತ್ರದ ಆಮಿಷ್ ಹಾರ್ಡ್‌ವೇರ್ ಅಂಗಡೀಲಿ ಸಿಗುತ್ತೆ, ನಾನೇ ಎರಡು ತಂದು ಹಾಕಿದ್ದೀನಿ. ಬೇರಿಂಗ್ ಇರೋದನ್ನೇ ತಗೊಳ್ಳಿ, ಇಲ್ಲದಿದ್ರೆ ಕಿರ್ ಅಂತ ಅಕ್ಕಪಕ್ಕದವರು ಬೈತಾರೆ. ಶನಿವಾರ ಬರೋದಾದ್ರೆ ಮೆಸೇಜ್ ಮಾಡಿ. ಭಾನುವಾರ ಅಂಗಡಿ ಮುಚ್ಚಿರುತ್ತೆ. ಅಮ್ಮಂಗೆ ಹೇಳಿ, ಮಧ್ಯಾಹ್ನ ನಮ್ಮನೇಲೇ ಊಟ.

ಶಾಲ್ಮಲಾ
ಅಡುಗೆ ಯಾರು ಮಾಡ್ತಾರೆ ದೋಸೆಯವರೇ?

ದೋಸೆ_ಇನ್_ಲ್ಯಾಂಕಾಸ್ಟರ್
ನಾನೇ ತಾಯಿ. ಹಿಟ್ಟು ರುಬ್ಬೋದು ಮಾತ್ರ ಕಂಬದ ಕರೆಂಟು.